ಸಿ.ಡಿ.ಗೆ ಬಳಿದ ವಿಭೂತಿ

ಸಿಂದಗಿಯ ಒಂದು ಕಾಲೇಜಿನ ಆಫೀಸಿನಲ್ಲಿ ಕರೆಂಟು ಹೋಗಿ ಬಂದ ಮೇಲೆ ಕಂಪ್ಯೂಟರ್ ಏಳಲೇ ಇಲ್ಲ. ಆಪರೇಟಿಂಗ್ ಸಿಸ್ಟಂ ಜೊತೆಗೆ, ಮರುದಿನ ವಿಶ್ವವಿದ್ಯಾಲಯಕ್ಕೆ ಕಳಿಸಬೇಕಿದ್ದ, ಪರೀಕ್ಷೆಗೆ ಕೂರುವ ಮಕ್ಕಳ ಹೆಸರುಗಳೂ ಹೋಗಿದ್ದವು. ರಿಪೇರಿಗೆ ಹೋದ ನನಗೆ ಮಾತ್ರ ಧೈರ್ಯವಿತ್ತು. ಹಿಂದಿನ ವಾರ ನಾನೇ ಎಲ್ಲದರ ಬ್ಯಾಕಪ್ಪನ್ನು ಸಿ.ಡಿ.ಗೆ ಇಳಿಸಿ ಹೆಡ್ ಕ್ಲಾರ್ಕ್ ಕೈಗೆ ಕೊಟ್ಟಿದ್ದೆ.

"ಜ್ವಾಕೀಲೆ ಇಟ್ಟೇನ್ರಿ ಮೇಡಮ್ಮಾರ," ಎಂದು ಅವರು ಅದನ್ನು ದೇವರ ಫೋಟೋದ ಹಿಂದಿನಿಂದ ತೆಗೆದರು. "ಮೊನ್ನೆ ದಸರಾದ ಖಂಡೇ ಪೂಜಿಯೊಳಗ ಕಂಪ್ಯೂಟರ್ ಜೋಡಿ ಇದಕ್ಕೂ ಪೂಜಿ ಆಗೇತಿ."

ಡ್ರೈವು ಓದುವ ಹೊಳೆಯುವ ಬದಿಯ ತುಂಬ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ. ಬೇರೆ ನಕಲು ಇರಲಿಲ್ಲ.

"ಈ ಕಡೆ ಯಾಕ ಹಚ್ಚಿದ್ರಿ?" ಎಂದೆ.

"ಆ ಕಡೆ ನೀವು ಪೆನ್ನಲೆ ಬರದೀರಲ್ರಿ. ಅಳಿಸಿಗಿಳಿಸಿ ಹೋದೀತು ಅಂತ ಖಾಲಿ ಇದ್ದ ಕಡೆ ಹಚ್ಚೇವಿ."

ತೊಳೆಯಲು ಎದ್ದರೆ ತಡೆದರು. "ಪೂಜಿದು ಐತಿ, ಗಟಾರಕ್ಕ ಬಿಡಬ್ಯಾಡ್ರಿ." ಹೀಗಾಗಿ ಅಂಗಳದ ತುಳಸಿ ಕುಂಡದ ಮೇಲೆ ಹಿಡಿದು ತೊಳೆದೆ. ಇಡೀ ಆಫೀಸು ಸುತ್ತ ನಿಂತಿತ್ತು.

ಒರೆಸಿ ಕಂಪ್ಯೂಟರಿಗೆ ಹಾಕಿದರೆ ಡ್ರೈವು ಗರಗರ ಎಂದು ನಿಂತಿತು. ಆಮೇಲೆ ತಾನಾಗಿಯೇ ತಿರುಗತೊಡಗಿತು. ಸಂಜೆಯ ಹೊತ್ತಿಗೆ ಕಂಪ್ಯೂಟರ್ ಎದ್ದಿತ್ತು, ಹೆಸರುಗಳೆಲ್ಲ ಇದ್ದವು.

"ಪೂಜಿ ಮಾಡಿದ್ದಕ್ಕ ಉಳೀತ್ ನೋಡ್ರಿ," ಎಂದರು ಕ್ಲಾರ್ಕ್.

ಹೊಸ ಬ್ಯಾಕಪ್ಪನ್ನು ಕಪಾಟಿನಲ್ಲಿ ಇಡಿಸಿ, ಮುಂದಿನ ಪೂಜೆಗೆಂದು ಒಂದು ಖಾಲಿ ಸಿ.ಡಿ. ಕೊಟ್ಟು ಬಂದೆ. ಅದರ ಎರಡೂ ಕಡೆ ಏನೂ ಬರೆದಿರಲಿಲ್ಲ. ಎಲ್ಲಿ ಬೇಕಾದರೂ ಹಚ್ಚಿಕೊಳ್ಳಲಿ.