ಕಡಲು ಓದಿ ಹಳಿ ಕಾಯಲು ಬಂದವಳು

ಕೆಲಸಕ್ಕೆ ಸೇರಿದ ಮೊದಲ ಬೆಳಿಗ್ಗೆ ನನ್ನ ಕೈಗೆ ಉದ್ದ ಹಿಡಿಯ ಸುತ್ತಿಗೆಯೊಂದನ್ನು ಕೊಟ್ಟರು. ಎತ್ತಲು ಹೋದೆ; ಅದೇ ನನ್ನನ್ನು ಹಿಂದಕ್ಕೆ ಎಳೆಯಿತು. ಎದುರಿಗೆ ಕಣ್ಣು ಹರಿಯುವಷ್ಟು ದೂರ ಹಳಿ, ಜಲ್ಲಿ, ಅದರಾಚೆ ಒಣ ಹೊಲ, ಬೋಳು ಗುಡ್ಡ. ಗಾಳಿಗೆ ಉಪ್ಪಿನ ವಾಸನೆಯೇ ಇರಲಿಲ್ಲ. ಹೊನ್ನಾವರದ ಅಳಿವೆಯ ದಂಡೆಯಲ್ಲಿ ಹುಟ್ಟಿ, ಕಡಲಜೀವಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ ನಾನು ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ಗ್ಯಾಂಗಿನವಳಾಗಿದ್ದೆ. ಗ್ಯಾಂಗ್ ಎಂದರೆ ರೈಲುಹಳಿ ರಿಪೇರಿ ಮಾಡುವ ತಂಡ. ಹತ್ತನೇ ತರಗತಿ ಪಾಸಾದವರಿಗೆ ಸಾಕಾಗುವ ಕೆಲಸ.

ಊರಿನಲ್ಲಿರುವ ನಿಮಗೆಲ್ಲ ಇದು ಹೇಗಾಯಿತೆಂದು ಗೊತ್ತಿಲ್ಲ, ಏಕೆಂದರೆ ನಾನು ಹೇಳಲಿಲ್ಲ. ಓದು ಮುಗಿದ ಮೇಲೆ ಎರಡು ವರ್ಷ ಕಾಲೇಜುಗಳ ಬಾಗಿಲು ತಟ್ಟಿದೆ. ಗೆಳತಿಯೊಬ್ಬಳ ಜೊತೆ ಸುಮ್ಮನೆ ಬರೆದ ರೈಲ್ವೆ ಪರೀಕ್ಷೆ ಒಂದೇ ಕೈ ಹಿಡಿಯಿತು. "ರೈಲ್ವೆಯಲ್ಲಿ ಕೆಲಸ" ಎಂದಷ್ಟೇ ಹೇಳಿ ಹೊರಟೆ. ನೀವು ಆಫೀಸು, ಫ್ಯಾನು, ಮೇಜು ಎಂದುಕೊಂಡಿರಿ. ನಾನು ತಿದ್ದಲಿಲ್ಲ.

ಮನೆ ಹುಡುಕುವಾಗಲೇ ಓದು ಅಡ್ಡ ಬಂತು. ಸ್ಟೇಷನ್ ಹತ್ತಿರ ಒಂದು ಕೋಣೆ ಖಾಲಿಯಿತ್ತು. ಮನೆಯೊಡತಿ ಗೌರಮ್ಮ, ಹಣೆ ತುಂಬ ವಿಭೂತಿ ಧರಿಸುವ ಶಿವಭಕ್ತೆ. ಏನು ಓದಿದ್ದೀಯ ಎಂದು ಕೇಳಿದರು. ಸಮುದ್ರದ ಮೀನು, ಏಡಿ, ಚಿಪ್ಪಿಗಳ ಬಗ್ಗೆ ಎಂದೆ.

"ಓದಿದ್ದು ಓದಿದ್ದಾತು. ನಮ್ ಮನ್ಯಾಗೆ ಮಾತ್ರ ಬೇಯಿಸ್ಬ್ಯಾಡಮ್ಮ" ಎಂದು ಬೀಗದ ಕೈ ಕೊಟ್ಟರು.

ನಮ್ಮಲ್ಲಿ ಕುಚ್ಚಲಕ್ಕಿ ಗಂಜಿ ಕುಡಿದು ದಿನ ಶುರುವಾದರೆ ಇಲ್ಲಿ ರಾಗಿಮುದ್ದೆ, ಜೊತೆಗೆ ಉದಕ ಎಂಬ ತಿಳಿಸಾರು. ಮುದ್ದೆಯನ್ನು ಅಗಿಯಬಾರದು, ನುಂಗಬೇಕು. ನಾನು ಅಗಿದೆ, ಅದು ಹಲ್ಲಿಗೆ ಮೆತ್ತಿಕೊಂಡಿತು. ಗ್ಯಾಂಗಿನವರು ನಕ್ಕರು. "ಏನು" ಎನ್ನಲು ನಾನು ಬಳಸುವ ನಮ್ಮ ಕಡೆಯ "ಎಂತ"ಕ್ಕೂ ನಕ್ಕರು. ಅವರ "ಐತೆ", "ಕುಂತ್ಕಳ್ರಿ" ನನ್ನ ನಾಲಿಗೆಗೆ ಹತ್ತಲು ತಿಂಗಳುಗಳೇ ಹಿಡಿದವು. ಭಾನುವಾರಗಳು ಕಷ್ಟವಾಗಿದ್ದವು. ಒಮ್ಮೆ ಒಂದಿಷ್ಟು ನೀರನ್ನಾದರೂ ನೋಡಲೇಬೇಕೆನಿಸಿ ಹೊಸದುರ್ಗಕ್ಕೆ ಹೋಗಿ, ಅಲ್ಲಿಂದ ಹಿರಿಯೂರು ಕಡೆಯ ಬಸ್ಸು ಹತ್ತಿ ವಾಣಿವಿಲಾಸ ಸಾಗರದ ದಂಡೆಗೆ ಹೋದೆ. ಅಲ್ಲಿ ಕರಿದ ಮೀನು ಮಾರುತ್ತಿದ್ದರು. ತಿಂದೆ. ಸಿಹಿನೀರಿನ ಮೀನು, ಮಣ್ಣಿನ ರುಚಿ. ಆದರೂ ಮುಳ್ಳಿನವರೆಗೂ ಚೀಪಿದೆ.

ನಮ್ಮ ಮೇಸ್ತ್ರಿ ತಿಪ್ಪೇಸ್ವಾಮಿ, ಇಪ್ಪತ್ತೆಂಟು ವರ್ಷ ಹಳಿಯ ಮೇಲೆ ಸವೆದ ಮನುಷ್ಯ. ಡಿಗ್ರಿ ಓದಿ ಬಂದವರು ಆರು ತಿಂಗಳಲ್ಲಿ ಬೇರೆ ಪರೀಕ್ಷೆ ಬರೆದು ಹೋಗುವುದನ್ನು ನೋಡಿ ನೋಡಿ ಅವರಿಗೆ ನನ್ನ ಮೇಲೂ ನಂಬಿಕೆ ಇರಲಿಲ್ಲ. ಹೆಣ್ಣುಮಗಳು ಬೇರೆ. ಅಧಿಕಾರಿಯೊಬ್ಬರು ನನ್ನನ್ನು ಕಚೇರಿಗೆ ಕಳಿಸಿ ಎಂದಾಗ ಅವರು ತಕ್ಷಣ ಒಪ್ಪಿದರು. ಕಚೇರಿಯಲ್ಲಿ ಫೈಲು ಜೋಡಿಸುವುದು, ಟೀ ತರುವುದು. ಎರಡು ವಾರ ಮಾಡಿದೆ. ಅಲ್ಲಿ ನನ್ನ ಎಂ.ಎಸ್ಸಿ.ಯೂ ಬೇಕಿರಲಿಲ್ಲ, ಕಲಿತ ಸುತ್ತಿಗೆಯೂ ಬೇಕಿರಲಿಲ್ಲ. ಮತ್ತೆ ಮೇಸ್ತ್ರಿಯ ಮುಂದೆ ನಿಂತು, ನನಗೆ ಬೀಟು ಕೊಡಿ ಎಂದು ಕೇಳಿದೆ. ಬೀಟು ಎಂದರೆ ಒಬ್ಬರೇ ಬೆಳಿಗ್ಗೆ ಹಳಿಯುದ್ದಕ್ಕೂ ನಡೆದು, ಸಡಿಲವಾದದ್ದನ್ನು ಬಿಗಿದು, ಮುರಿದದ್ದನ್ನು ಹುಡುಕುವ ಕೆಲಸ.

"ಅದು ಕಾಲಿನ ಕೆಲ್ಸ ಅಲ್ಲವ್ವ, ಕಣ್ಣಿನ ಕೆಲ್ಸ" ಎಂದರು ಅವರು.

ಕಣ್ಣಿನ ಕೆಲಸ ನನಗೆ ಗೊತ್ತಿತ್ತು. ಓದುವಾಗ ಇಳಿತದ ಹೊತ್ತಿಗೆ ಬಂಡೆಗಳ ಮೇಲೆ ಹಗ್ಗ ಎಳೆದು, ಅದರ ಗುಂಟ ಗೇಣು ಗೇಣಾಗಿ ನಡೆದು, ಅಲ್ಲಿರುವ ಒಂದೊಂದು ಜೀವವನ್ನೂ ಗುರುತು ಹಾಕಿಕೊಳ್ಳುತ್ತಿದ್ದೆವು. ನಿನ್ನೆ ಇದ್ದದ್ದು ಇಂದು ಇಲ್ಲವೆಂದರೆ ಅದು ಕಣ್ಣಿಗೆ ಬೀಳಬೇಕು. ಇದನ್ನು ಅವರಿಗೆ ಹೇಳಿದೆ. ಏನನ್ನಿಸಿತೋ, ಬೀಟಿನವರು ರಜೆ ಹಾಕಿದ ದಿನಗಳಲ್ಲಿ ನನ್ನನ್ನು ಕಳಿಸತೊಡಗಿದರು.

ಆ ಚಳಿಗಾಲದ ಒಂದು ಬೆಳಿಗ್ಗೆ ಹೊಸದುರ್ಗ ರೋಡ್ ಸ್ಟೇಷನ್ ಕಡೆಗೆ ನಡೆಯುತ್ತಿದ್ದೆ. ಆಗಷ್ಟೇ ಬಿಸಿಲು ಬಿದ್ದಿತ್ತು. ಹಳಿಯ ಮೇಲೆಲ್ಲ ಇಬ್ಬನಿ ಒಂದೇ ಸಮನೆ ಕುಳಿತಿತ್ತು. ಒಂದು ಕಡೆ ಮಾತ್ರ ಅದು ಕೂದಲೆಳೆಯಷ್ಟು ಕಪ್ಪು ಗೆರೆಯಾಗಿ ತುಂಡಾಗಿತ್ತು. ಬಗ್ಗಿ ಒರೆಸಿದೆ. ಗೆರೆ ಹೋಗಲಿಲ್ಲ, ಬೆಸುಗೆಯ ಪಕ್ಕದಲ್ಲಿ ಮೇಲಿನಿಂದ ಬುಡದವರೆಗೂ ಇಳಿದಿತ್ತು. ಚಳಿಗೆ ಉಕ್ಕು ಕುಗ್ಗಿ ಹಳಿ ಸೀಳಿತ್ತು.

ಸ್ಟೇಷನ್ನಿಗೆ ಫೋನು ಮಾಡಿದೆ. ಪ್ಯಾಸೆಂಜರ್ ಗಾಡಿ ಆಗಲೇ ಹೊಸದುರ್ಗ ರೋಡಿನಿಂದ ನನ್ನ ಕಡೆಗೆ ಹೊರಟುಬಿಟ್ಟಿತ್ತು. ಕೆಂಪು ಬಾವುಟ ಬಿಚ್ಚಿ, ಗಾಡಿ ಬರುವ ದಿಕ್ಕಿಗೇ ಓಡಿದೆ. ಜಲ್ಲಿಯ ಮೇಲೆ ಓಡುವುದೆಂದರೆ ಒದ್ದೆ ಮರಳಿನಲ್ಲಿ ಓಡಿದಂತಲ್ಲ. ಪ್ರತಿ ಹೆಜ್ಜೆಗೂ ಕಾಲು ಹೊರಳುತ್ತದೆ. ಎರಡು ಸಲ ಬಿದ್ದೆ. ನಮ್ಮ ಚೀಲದಲ್ಲಿ ಪಟಾಕಿಗಳಿರುತ್ತವೆ. ಹಳಿಗೆ ಕಟ್ಟಿದರೆ ಎಂಜಿನ್ನಿನ ಗಾಲಿ ಹತ್ತಿದೊಡನೆ ಸಿಡಿದು ಡ್ರೈವರನಿಗೆ ನಿಲ್ಲಿಸು ಎನ್ನುತ್ತವೆ. ಚೀಲದಿಂದ ಅವನ್ನು ತೆಗೆದೆ. ಕಟ್ಟಿದೆ. ಬದಿಗೆ ಸರಿದು ಬಾವುಟ ಬೀಸುತ್ತ ನಿಂತೆ. ತಿರುವಿನಲ್ಲಿ ಎಂಜಿನ್ ಕಂಡಿತು. ಪಟಾಕಿ ಸಿಡಿದವು. ಬ್ರೇಕಿನ ಕಿರುಚು ಮೈಯೊಳಗೇ ಹಾದುಹೋಯಿತು. ಗಾಡಿ ನನ್ನನ್ನು ದಾಟಿ, ಬಿರುಕಿಗೆ ಇನ್ನೂ ಸಾಕಷ್ಟು ದೂರವಿರುವಾಗಲೇ ನಿಂತಿತು.

ಕಿಟಕಿಗಳಲ್ಲಿ ತಲೆಗಳು ಕಂಡವು. ಬುಟ್ಟಿ ಹಿಡಿದ ಹೆಂಗಸೊಬ್ಬರು ಯಾಕೆ ನಿಂತಿತೆಂದು ಬೇಸರದಿಂದ ಕೇಳಿದರು. ಹಳಿ ಮುರಿದಿದೆ ಎಂದೆ. ಅವರು ಪಕ್ಕದಲ್ಲಿದ್ದ ಮಗುವನ್ನು ಸುಮ್ಮನೆ ಹತ್ತಿರಕ್ಕೆ ಎಳೆದುಕೊಂಡರು.

ಗ್ಯಾಂಗು ಬಂದು ಬಿರುಕಿಗೆ ಪಟ್ಟಿ ಬಿಗಿದು ಗಾಡಿಯನ್ನು ಮೆಲ್ಲಗೆ ದಾಟಿಸಿತು. ಎಲ್ಲ ಮುಗಿದ ಮೇಲೆ ತಿಪ್ಪೇಸ್ವಾಮಿ ಆ ಗೆರೆಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಬೆರಳಿನಿಂದ ಅದನ್ನು ಸವರಿ ನೋಡಿದರು.

"ನನ್ ಕಣ್ಣಿಗೆ ಬೀಳ್ತಿತ್ತೋ ಇಲ್ಲೋ, ಗೊತ್ತಿಲ್ಲ ಕಣವ್ವ" ಎಂದರು. "ನಾಳಿಂದ ಈ ಬೀಟು ನಿಂದೇ."

ಇಲಾಖೆ ಒಂದು ಪ್ರಶಂಸಾಪತ್ರ ಕೊಟ್ಟಿತು. ಅದಕ್ಕಿಂತ ದೊಡ್ಡದಾಗಿ ಕಂಡದ್ದು ಮೇಸ್ತ್ರಿಯ ಮಾತು. ಗಾಡಿ ನಿಲ್ಲಿಸಿದ ದಿನದ ಸಂಜೆಯೇ ಅಮ್ಮನಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ: ಆಫೀಸಲ್ಲ, ಗ್ಯಾಂಗು; ಪೆನ್ನಲ್ಲ, ಸುತ್ತಿಗೆ. ಅವಳು ಕೇಳಿದ್ದು ಒಂದೇ: "ಗಾಡಿಯಲ್ಲಿ ಎಷ್ಟು ಜನ ಇದ್ರು?" ತುಂಬಿತ್ತು ಎಂದೆ. ಮರುದಿನ ಕೇರಿಯವರಿಗೆಲ್ಲ ಅವಳೇ ಹೇಳಿಕೊಂಡು ಬಂದಳಂತೆ.

ಹೋದ ತಿಂಗಳು ರಜೆಗೆ ಬಂದಿದ್ದೆನಲ್ಲ, ಅಣ್ಣನ ಮಗಳನ್ನು ಕರೆದುಕೊಂಡು ಇಳಿತದ ಹೊತ್ತಿಗೆ ದಂಡೆಗೆ ಹೋದೆ. ಒಂದು ಕಲ್ಲೆತ್ತಿ ಅಡಿಯಲ್ಲಿದ್ದ ಏಡಿಯನ್ನು ತೋರಿಸಿ, ಅದು ಚಿಪ್ಪು ಕಳಚಿ ಹೊಸತಾಗುವ ಬಗೆಯನ್ನು ಹೇಳುತ್ತಿದ್ದೆ. ಇಷ್ಟು ಸಂತೋಷವಾಗಿ ಮಾತನಾಡಿ ಎಷ್ಟು ಕಾಲವಾಗಿತ್ತೋ. ಅಷ್ಟರಲ್ಲಿ ದೂರದ ಸೇತುವೆಯ ಮೇಲೆ ಗಾಡಿಯೊಂದು ಹಾದಿತು. ನನ್ನ ಮಾತು ಅರ್ಧಕ್ಕೆ ನಿಂತಿತು. ಎಲ್ಲೋ ಒಂದು ಜೋಡಣೆ ಸಡಿಲವಿರಬೇಕು. ಗಾಲಿಗಳ ಸದ್ದಿನಲ್ಲಿ ಒಂದು ಬಡಿತ ತಪ್ಪುತ್ತಿತ್ತು. ಕೊನೆಯ ಬೋಗಿ ದಾಟುವವರೆಗೂ ಕೇಳುತ್ತ ನಿಂತೆ.

"ಅತ್ತೆ, ಆಮೇಲೆ?" ಎಂದು ಮಗು ಸೆರಗು ಜಗ್ಗಿತು.

ಬಗ್ಗಿ ನೋಡಿದೆ. ಏಡಿ ಆಗಲೇ ಮರಳಿನೊಳಗೆ ಹೋಗಿಬಿಟ್ಟಿತ್ತು.