ಕರೆದ ಮೇಲೆ ಹತ್ತು ಎಣಿಸಬೇಕು

ಮೇಡಂ ನೆಲಕ್ಕೆ ಕೂರುವಾಗ ಬಲಮಂಡಿ ಲಟಕ್ಕೆಂದು ಸದ್ದು ಮಾಡುತ್ತಿತ್ತು, ಒಣಕಡ್ಡಿ ಮುರಿದ ಹಾಗೆ. ನಮ್ಮ ಶಿಶುಪಾಲನಾ ಕೋಣೆಯ ಮಕ್ಕಳೆಲ್ಲ ಆ ಸದ್ದಿಗೆ ತಟ್ಟನೆ ತಿರುಗಿ ನೋಡುತ್ತಿದ್ದವು. ತಿರುಗದೇ ಇದ್ದದ್ದು ಒಂದೇ ಮಗು. ಮೊದಲ ದಿನ, ಕಾಲಿಟ್ಟ ಎರಡು ನಿಮಿಷದಲ್ಲಿ ಅವರು ಅದನ್ನು ಗಮನಿಸಿದರು. ಐದು ತಿಂಗಳಿಂದ ದಿನಾ ಆ ಮಗುವಿಗೆ ಉಣಿಸುತ್ತಿದ್ದ ನಾನು ಗಮನಿಸಿರಲಿಲ್ಲ.

ಪೀಣ್ಯದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯ ಹಿಂಬದಿಯಲ್ಲಿ, ಕ್ಯಾಂಟೀನಿಗೆ ಅಂಟಿಕೊಂಡಿದ್ದ ಕೋಣೆ ಅದು. ತಾಯಂದಿರ ಕೆಲಸ ಮುಗಿಯುವವರೆಗೆ ಹನ್ನೊಂದು ಕೂಸುಗಳನ್ನು ನಾನೂ ಇನ್ನೊಬ್ಬ ಆಯಾನೂ ನೋಡಿಕೊಳ್ಳುತ್ತಿದ್ದೆವು. ಎಳೆಮಕ್ಕಳ ಮನಸ್ಸಿನ ಬಗ್ಗೆ ತರಬೇತಿ ಕೊಡಲು ಪ್ರತಿ ಮಂಗಳವಾರ ಒಬ್ಬ ಮೇಡಂ ಬರುತ್ತಾರೆ ಎಂದಾಗ ನಾವಿಬ್ಬರೂ ನಕ್ಕಿದ್ದೆವು. ಹಾಲು ಕಕ್ಕುವ ಕೂಸಿಗೆ ಎಂಥ ಮನಸ್ಸು? ಎರಡು ಹೆತ್ತು ಬೆಳೆಸಿದ ನನಗೆ ಇವರೇನು ಕಲಿಸುವುದು?

ಮೇಡಂ ಪಾಠ ಮಾಡಲಿಲ್ಲ. ಹನ್ನೊಂದು ಬಟ್ಟಲು ಸಾಲಾಗಿ ಇಟ್ಟು, ಹುಣಸೆ ಬೀಜದ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಗೋಡೆಗೊರಗಿ ಕೂತರು. ನಾವು ಯಾವ ಮಗುವನ್ನು ಹೆಸರು ಹಿಡಿದು ಮಾತಾಡಿಸಿದರೂ ಅದರ ಬಟ್ಟಲಿಗೆ ಒಂದು ಬೀಜ. ಸಂಜೆಯ ಹೊತ್ತಿಗೆ ಕಾರ್ಖಾನೆಯ ಎಚ್.ಆರ್. ಮೇಡಂ ಮಗನ ಬಟ್ಟಲು ತುಂಬಿ ನೆಲಕ್ಕೆ ಚೆಲ್ಲಿತ್ತು. ಬಾಗಿಲ ಬಳಿ ಮಲಗಿಸುತ್ತಿದ್ದ ಮಗುವಿನ ಬಟ್ಟಲಲ್ಲಿ ಒಂದೂ ಇರಲಿಲ್ಲ. ಆ ಖಾಲಿ ಬಟ್ಟಲನ್ನು ನನ್ನ ಕೈಗಿಟ್ಟರು.

"ಇವಳ ಹೆಸರೇನ್ರೀ?"

ನಾನು ರಿಜಿಸ್ಟರ್ ತೆಗೆಯಲು ಎದ್ದೆ. ನಮಗದು ಕಕ್ಕಸು ತೊಳೆಯುವವಳ ಮಗು, ಅಷ್ಟೆ. ಅವಳು ಯಾದಗಿರಿ ಕಡೆಯಿಂದ ಬಂದವಳು, ಲಗ್ಗೆರೆಯಲ್ಲಿ ಒಂದು ರೂಮು ಮಾಡಿಕೊಂಡಿದ್ದಳು.

"ಇವಳ ಚಾಪೆ ಯಾಕೆ ಬಾಗಿಲ ಹತ್ರ?"

"ಗಾಳಿ ಬರ್ಲಿ ಅಂತ, ಮೇಡಂ."

"ಎಚ್.ಆರ್. ಮಗನಿಗೆ ಗಾಳಿ ಬೇಡ್ವಾ?"

ಇನ್ನೊಬ್ಬ ಆಯಾ ಕಿಸಕ್ಕನೆ ನಕ್ಕಳು. ನನ್ನ ಕಿವಿ ಬಿಸಿಯಾಯಿತು. ತುಂಬ ಒಳ್ಳೆಯ ಮಗು, ಅಳುವುದೇ ಇಲ್ಲ ಎಂದೆ. ಹೊಗಳಿಕೆ ಎಂದೇ ಹೇಳಿದ್ದೆ.

"ಅಳ್ತಿದ್ಲು. ಯಾರೂ ಬರ್ಲಿಲ್ಲ, ಬಿಟ್ಬಿಟ್ಲು," ಎಂದರು. "ಅದನ್ನ ಒಳ್ಳೇತನ ಅಂತೀರಲ್ಲ, ನಾಚಿಕೆ ಆಗಲ್ವೇನ್ರೀ?"

ಅವರ ಮಾತೇ ಹಾಗೆ. ಟೀ ಕೊಟ್ಟರೆ ಸಕ್ಕರೆ ಜಾಸ್ತಿ ಎಂದು ಮುಖ ಸಿಂಡರಿಸುವರು, ಪೂರ್ತಿ ಕುಡಿದು ಲೋಟ ತಾವೇ ತೊಳೆದಿಡುವರು. ಒಂದು ದಿನವೂ ಕುರ್ಚಿಯ ಮೇಲೆ ಕೂರಲಿಲ್ಲ.

ಆ ಮಗುವನ್ನು, ಭಾಗ್ಯಶ್ರೀಯನ್ನು, ನನಗೇ ಒಪ್ಪಿಸಿದರು. ದಿನಾ ಎದುರಿಗೆ ಕೂತು ಹೆಸರು ಕರೆಯಬೇಕು. ಕರೆದ ಮೇಲೆ ಮುಟ್ಟಬಾರದು, ಚಿಟಿಕೆ ಹೊಡೆಯಬಾರದು, ಮನಸ್ಸಿನಲ್ಲೇ ಹತ್ತು ಎಣಿಸಬೇಕು.

"ಆಸೆ ಬಿಟ್ಟಿರೋ ಮಗು ತಿರುಗೋಕೆ ಟೈಮ್ ತಗೊಳುತ್ತೆ. ನೀವು ಎಂಟಕ್ಕೇ ಎದ್ದು ಹೋದ್ರೆ, ಯಾರೂ ಬರಲ್ಲ ಅನ್ನೋದನ್ನೇ ಅದು ಇನ್ನೊಂದ್ಸಲ ಕಲಿಯುತ್ತೆ."

ಇನ್ನೊಂದು ನಿಯಮವೂ ಇತ್ತು. ಮಗು ಅಮ್ಮನಿಗಾಗಿ ಅತ್ತರೆ ಅಮ್ಮನನ್ನು ಕರೆಸಬೇಕು, ಯಾರ ಮಗುವಾದರೂ ಸರಿ. ಎಚ್.ಆರ್. ಮೇಡಂ ಮಗ ಸೀನಿದರೂ ನಾವು ಫೋನ್ ಮಾಡುತ್ತಿದ್ದೆವು. ಕಕ್ಕಸು ತೊಳೆಯುವವಳನ್ನೂ ಕರೆಸಬಹುದು ಎಂಬುದು ನಮಗೆ ಹೊಳೆದೇ ಇರಲಿಲ್ಲ.

ವಾರಗಟ್ಟಲೆ ಕರೆದೆ. ಒಂದು ಬೆಳಗ್ಗೆ ನಾನು ಒಂಬತ್ತು ಎಣಿಸುವಾಗ ಭಾಗ್ಯಶ್ರೀ ತಿರುಗಿದಳು. ಮುಂದಿನ ಮಂಗಳವಾರ ಅಮ್ಮ ಬಿಟ್ಟು ಹೊರಟಾಗ ಕೋಣೆ ಹಾರಿಹೋಗುವಂತೆ ಅತ್ತಳು. ಮೇಡಂ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟರು. ಅವರಿಂದ ನನಗೆ ಸಿಕ್ಕ ಶಹಬ್ಬಾಸ್ ಅದೊಂದೇ.

ನಿಯಮದಂತೆ ತಾಯಿಯನ್ನು ಕರೆಸಿದೆ. ಒಂದು ವಾರದಲ್ಲಿ ನಾಲ್ಕು ಸಲ ಕರೆಸಿದೆ. ಐದನೇ ಸಲ ಅವಳು ಬಕೆಟ್ ಇಟ್ಟು ಓಡಿಬಂದಾಗ ಎಚ್.ಆರ್. ಮೇಡಂ ಅಲ್ಲೇ ಇದ್ದರು, ಮಗನಿಗೆ ಬಿಸ್ಕತ್ತು ತಿನ್ನಿಸುತ್ತ. ಡ್ಯೂಟಿ ಬಿಟ್ಟು ಓಡಾಡುವವರು ನಮಗೆ ಬೇಡ ಎಂದರು. ನಾಳೆಯಿಂದ ಬರುವುದು ಬೇಡ ಎಂದರು. ಬಿಸ್ಕತ್ತು ತಿನ್ನಿಸುವುದನ್ನು ನಿಲ್ಲಿಸಲಿಲ್ಲ.

ಮರುದಿನ ಮಂಗಳವಾರ. ಮಗುವಿನ ಬಟ್ಟೆ ಗಂಟು ಒಯ್ಯಲು ಅವಳು ಕೂಸನ್ನೆತ್ತಿಕೊಂಡು ಬಂದಾಗ ನಮ್ಮ ಮೇಡಂ ಎದುರಿಗೇ ಕೂತಿದ್ದರು. ಅವಳು ದನಿ ಏರಿಸಲಿಲ್ಲ.

"ಸುಮ್ಮ ಇರೋ ಕೂಸಿತ್ರೀ ನಂದು. ಅಳೂದು ಕಲಿಸಿಬಿಟ್ರಿ. ಇನ್ನ ಇದನ್ನ ಎಲ್ಲಿ ಇಟ್ಟು ದುಡೀಲ್ರೀ ಅಕ್ಕಾರ?"

ಮಗು ನನ್ನ ಸೆರಗು ಹಿಡಿದುಕೊಂಡಿತ್ತು. ಒಂದೊಂದೇ ಬೆರಳು ಬಿಡಿಸಿ ಕೊಟ್ಟದ್ದು ನಾನೇ.

ಮೇಡಂ ಎಚ್.ಆರ್. ಕೋಣೆಗೆ ಹೋಗಿ ಜಗಳವಾಡಿದರು. ಅವರ ತರಬೇತಿಯೂ ಅವತ್ತಿಗೇ ನಿಂತಿತು. ಗೇಟಿನವರೆಗೆ ಬಟ್ಟಲುಗಳ ಚೀಲ ಹಿಡಿದು ಹೋದೆ. ಅಲ್ಲಿ ನಿಂತು ನನ್ನ ಮುಖ ನೋಡದೆ ಹೇಳಿದರು.

"ಮೊದಲು ಆ ಎಚ್.ಆರ್. ಮೇಡಂನ್ನ ಚಾಪೆ ಮೇಲೆ ಕೂರಿಸಿ ಕಲಿಸ್ಬೇಕಿತ್ತು ನಾನು. ನಿಮ್ಮನ್ನ ಗದರೋದು ಸುಲಭ ಆಯ್ತು."

ಆಮೇಲೆ ಎಷ್ಟೋ ಮಂಗಳವಾರ ಮೇಡಂ ಆ ಮಂಡಿ ಎಳೆದುಕೊಂಡು ಲಗ್ಗೆರೆಯ ಗಲ್ಲಿಗಳಲ್ಲಿ ಆ ತಾಯಿಯನ್ನೂ ಮಗುವನ್ನೂ ಹುಡುಕಿದರಂತೆ. ಸಿಗಲಿಲ್ಲ. ರೂಮಿಗೆ ಬೇರೆಯವರು ಬಂದಿದ್ದರು.

ಈ ವರ್ಷ ಮೇಡಂ ಆಸ್ಪತ್ರೆಯಲ್ಲಿದ್ದಾರೆ, ಒಂದು ಪಕ್ಕ ಸ್ವಾಧೀನವಿಲ್ಲ ಎಂದು ಗೊತ್ತಾಗಿ ನೋಡಲು ಹೋದೆ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಕರೆಗಂಟೆಯ ಗುಂಡಿ ಸರಿಯಿದ್ದ ಕೈಯ ಪಕ್ಕದಲ್ಲೇ ಇತ್ತು. ಹಾಸಿಗೆ ಒದ್ದೆಯಾಗಿತ್ತು, ಆಗಲೇ ತಣ್ಣಗಾಗಿತ್ತು. ನಾನು ಕರೆದ ಮೇಲೆ ನರ್ಸ್ ಬಂದು ಬಟ್ಟೆ ಬದಲಿಸುತ್ತ ಹೇಳಿದಳು.

"ನಿಮ್ಮೋರಾ ಅಕ್ಕ? ತುಂಬ ಒಳ್ಳೆ ಪೇಷಂಟ್. ಮೊದ್ಲು ಬೆಲ್ ಒತ್ತಿ ಒತ್ತಿ ಪ್ರಾಣ ತಿಂತಿದ್ರು. ಈಗ ಒತ್ತೋದೇ ಇಲ್ಲ."

ಸ್ಟೂಲು ಎಳೆದುಕೊಂಡು ಕೂತೆ. ಮೇಡಂ ಎನ್ನದೆ ಅವರ ಹೆಸರು ಹಿಡಿದು ಕರೆದೆ. ಮುಟ್ಟಲಿಲ್ಲ. ಹತ್ತು ಎಣಿಸಿದೆ. ತಿರುಗಲಿಲ್ಲ. ಮತ್ತೆ ಕರೆದು ಮತ್ತೆ ಎಣಿಸಿದೆ. ಮೂರನೇ ಸಲ ಕರೆದಾಗ ಹೊದಿಕೆಯ ಮೇಲಿದ್ದ ಬೆರಳು ಒಂದಿಷ್ಟು ಅಲುಗಿತು, ಅಥವಾ ನನಗೆ ಹಾಗೆ ಕಂಡಿತು. ಹತ್ತು ಎಣಿಸಿ ಮುಗಿಯುವ ಮೊದಲೇ ಸೆಕ್ಯೂರಿಟಿಯವನು ಬಂದು, ನೋಡುವ ಹೊತ್ತು ಮುಗಿಯಿತು, ಏಳಿ ಎಂದು ಗದರಿದ.

ಮರುದಿನ ಬೆಳಗ್ಗೆ ತೀರಿಕೊಂಡರು.

ನಾನು ಎಂಟಕ್ಕೇ ಎದ್ದು ಬಂದಿದ್ದೆ.