ದೋಣಿ ಎಳೆಯಲು ನಾಲ್ವರು

ಸಿಡ್ನಿಯ ಕನ್ನಡ ಬಳಗದ ಹುಡುಗಿಯೊಬ್ಬಳು ನಿನ್ನೆ ಫೋನ್ ಮಾಡಿದ್ದಳು. ಸ್ಮರಣ ಸಂಚಿಕೆಗೆ ಅರ್ಧ ಪುಟ ಬೇಕಂತೆ. "ಅಂಕಲ್, ಎಪ್ಪಿಂಗ್‌ನಲ್ಲಿ ನೀವು ಶುರು ಮಾಡಿದ ಕನ್ನಡ ಕ್ಲಾಸ್ ಯಾಕೆ ನಿಂತ್ಹೋಯ್ತು?" ಎಂದಳು. "ಮಕ್ಕಳಿಗೆ ಇಂಟರೆಸ್ಟ್ ಇರ್ಲಿಲ್ಲಮ್ಮ" ಎಂದೆ. ವರ್ಷಗಟ್ಟಲೆ ಹೇಳಿ ಹೇಳಿ ಬಾಯಿಪಾಠವಾದ ಉತ್ತರ. ಫೋನಿಟ್ಟ ಮೇಲೆ ಗುಡ್ರುನ್ ಆಂಟಿ ನೆನಪಾದರು.

೧೯೯೦ರ ಸುಮಾರಿಗೆ ಅವರು ಸಿಡ್ನಿಯ ಎಪ್ಪಿಂಗ್‌ನಲ್ಲಿ ನಮ್ಮ ಪಕ್ಕದ ಮನೆಯವರು. ಐಸ್‌ಲ್ಯಾಂಡಿನ ಪುಟ್ಟ ದ್ವೀಪವೊಂದರಲ್ಲಿ ಹುಟ್ಟಿ, ಆಸ್ಟ್ರೇಲಿಯಾದವನನ್ನು ಮದುವೆಯಾಗಿ ಬಂದವರು. ಎಪ್ಪತ್ತು ದಾಟಿ ಕಣ್ಣು ಮಂಜಾಗಿತ್ತು. ಹಟಕ್ಕೆ ಮಾತ್ರ ವಯಸ್ಸಾಗಿರಲಿಲ್ಲ. ಮೊಮ್ಮಕ್ಕಳಿಗಾಗಿ ದ್ವೀಪದ ಚರಿತ್ರೆ ಬರೆಸಲೇಬೇಕೆಂದು ಪಟ್ಟು ಹಿಡಿದರು. ಟೈಪಿಂಗ್ ಬರುತ್ತದೆಂದು ಜಂಬ ಕೊಚ್ಚಿಕೊಂಡಿದ್ದ ನಾನು ಸಿಕ್ಕಿಬಿದ್ದೆ.

ನೂರಾರು ವರ್ಷ ಅಲ್ಲಿ ಒಕ್ಕಲಿತ್ತಂತೆ. ಹಸುಗಳನ್ನೂ ದೋಣಿಯಲ್ಲೇ ತಂದದ್ದು. ಬೇಸಿಗೆಯಲ್ಲಿ ಕುರಿಗಳನ್ನು ಪಕ್ಕದ ನಡುಗಡ್ಡೆಗಳಿಗೆ ದಾಟಿಸುವುದು, ಕಡಲಬಾತುಗಳು ಗೂಡಿಗೆ ಹಾಸಿದ ತುಪ್ಪಳ ಆಯ್ದು ಮಾರುವುದು, ಅದೂ ಮೊಟ್ಟೆ ತಣ್ಣಗಾಗದಂತೆ ಒಂದು ಹಿಡಿ ಅಲ್ಲೇ ಬಿಟ್ಟು. ದೋಣಿ ಬಂತೆಂದು ಕೂಗು ಬಿದ್ದರೆ ಹಿಟ್ಟಿನ ಕೈಯಲ್ಲೇ ಎಲ್ಲರೂ ದಡಕ್ಕೆ ಓಡಬೇಕು. ಮೇಲಕ್ಕೆಳೆಯಲು ಕನಿಷ್ಠ ನಾಲ್ವರು ಬೇಕು. ಎಳೆಯದಿದ್ದರೆ ಅಲೆಗೆ ಸಿಕ್ಕಿ ದೋಣಿ ಪುಡಿಯಾಗುತ್ತದೆ.

"ಮೋಟಾರು ದೋಣಿ ಇರ್ಲಿಲ್ವಾ?" ಎಂಜಿನಿಯರ್ ಬುದ್ಧಿ ಬಿಡುತ್ತದೆಯೇ, ಕೇಳಿದೆ.

"ಬಂತು. ಅದರಲ್ಲೇ ಕೂತು ಅಣ್ಣಂದಿರು ಪೇಟೆಗೆ ಹೋದರು. ಅಪ್ಪ, ಅಮ್ಮ, ತಂಗಿ, ನಾನು ಉಳಿದೆವು. ಆಮೇಲೆ ನಾನು ಹೊರಟೆ. ಆ ಚಳಿಗಾಲಕ್ಕೆ ಮೊದಲೇ ಅವರೂ ದ್ವೀಪ ಬಿಟ್ಟರು. ಬರಿ, ನಾನು ಹೋದದ್ದಕ್ಕೇ ಅದು ಖಾಲಿಯಾಯಿತು ಅಂತ."

ಹಿರಿಯರು ತಮ್ಮನ್ನು ತಾವೇ ಹೀಗಂದುಕೊಂಡರೆ ನಮ್ಮವರ ಕೈ ಓಡುವುದಿಲ್ಲ. ಸದ್ದಿಲ್ಲದೆ 'ಕಾಲ ಬದಲಾಯಿತು, ದ್ವೀಪ ಖಾಲಿಯಾಯಿತು' ಎಂದು ಟೈಪ್ ಮಾಡಿದೆ. ಓದಿ ಹೇಳು ಎಂದರು. ಬೇರೆ ಓದಲು ಧೈರ್ಯ ಬರಲಿಲ್ಲ, ಇದ್ದದ್ದನ್ನೇ ಓದಿದೆ.

"ಕಾಲ ಬಂದು ದೋಣಿ ಎಳೀತಿತ್ತಾ?" ಎಂದರು. "ಹೋಗಿದ್ದು ತಪ್ಪು ಅಂತ ನಾನು ಹೇಳ್ತಿಲ್ಲ. ಹೋದೆ ಅಂತ ಬರಿ."

ಹಾಳೆ ಕಿತ್ತು ಹೊಸದಾಗಿ ಟೈಪ್ ಮಾಡಿದೆ. ಕೆನ್ನೆಗೆ ಹೊಡೆದ ಹಾಗಾಗಿತ್ತು.

ಮೂರು ವರ್ಷದ ಮೇಲೆ ನನಗೆ ಮೆಲ್ಬರ್ನಿನಲ್ಲಿ ಒಳ್ಳೆಯ ಕೆಲಸ ಸಿಕ್ಕಿತು, ಹೊರಟೆ. ಕನ್ನಡ ಕ್ಲಾಸಿಗೆ ಬರುತ್ತಿದ್ದದ್ದು ಏಳು ಮಕ್ಕಳು, ಕಲಿಸಲು ನಾನೊಬ್ಬನೇ. ಕೊನೆಯ ಶನಿವಾರವೂ ಒಂದು ಮಗು ತಪ್ಪಿಸಿರಲಿಲ್ಲ.

ಈಗ ಮೆಲ್ಬರ್ನಿನ ವಿಂಡಮ್ ವೇಲ್‌ನ ಮನೆಯಲ್ಲಿ ಕೂತು ಆ ಅರ್ಧ ಪುಟ ಬರೆಯುತ್ತಿದ್ದೇನೆ. ಹೆಂಡತಿ ಬಗ್ಗಿ ನೋಡಿ, "ಇದನ್ನೆಲ್ಲ ಯಾಕ್ರೀ ಹಾಕ್ತೀರಾ, ಯಾರು ಕೇಳಿದ್ರು?" ಎಂದಳು.

"ಕೇಳಿದ್ರು ಕಣೇ" ಎಂದೆ.

ಬರೆದದ್ದು ಇಷ್ಟು: ಮಕ್ಕಳು ಬರುತ್ತಲೇ ಇದ್ದರು. ನಾನು ಹೋದೆ. ಕ್ಲಾಸ್ ನಿಂತಿತು.